ಅಕ್ಕನ ಕೀಬೋರ್ಡು ಮತ್ತು ನಮ್ಮ ಮನೆಯ ಲಗ್ನಪತ್ರಿಕೆ

ಹಳೆಯ ಕೀಬೋರ್ಡೊಂದರ ಬೆನ್ನಿನ ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದರೆ ಏನು ವಾಸನೆ ಬರಬೇಕು ಹೇಳಿ? ಧೂಳಿನದು, ಸುಟ್ಟ ತಂತಿಯದು, ಹೆಚ್ಚೆಂದರೆ ಜಿರಲೆಯದು. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಸರ್ಕ್ಯೂಟ್ ಬೋರ್ಡುಗಳಿಗೆ ಸೋಲ್ಡರಿಂಗ್ ಮಾಡುತ್ತ ತಲೆ ನೆರೆಸಿಕೊಂಡವಳು ನಾನು. ಯಂತ್ರಗಳ ಹೊಟ್ಟೆಯ ವಾಸನೆ ನನಗೆ ಹೊಸದಲ್ಲ. ಆದರೆ ಕೆಲವು ವಾರಗಳ ಹಿಂದೆ ಅಟ್ಟದಿಂದ ಇಳಿಸಿದ ಅಕ್ಕನ ಕೀಬೋರ್ಡನ್ನು ಊಟದ ಮೇಜಿನ ಮೇಲಿಟ್ಟು ಬಿಚ್ಚಿದಾಗ ಘಮ್ಮೆಂದು ಬಂದದ್ದು ಶ್ರೀಗಂಧ. ಅದರ ಹಿಂದೆಯೇ ಅರಿಶಿನ. ಕೀಲಿಗಳ ಸಂದಿಯಲ್ಲಿ ಕುಂಕುಮ ಹೆಪ್ಪುಗಟ್ಟಿ ಕೂತಿತ್ತು. ಗರ್ಭಗುಡಿಯೊಳಗೆ ತಲೆ ಹಾಕಿದಂತಾಗಿ, ಚಪ್ಪಲಿ ಹಾಕಿಕೊಂಡಿದ್ದೇನೇನೋ ಎಂದು ಒಮ್ಮೆ ಕಾಲು ನೋಡಿಕೊಂಡೆ.

ನೀವು ಮೈಸೂರಿನವರಾದರೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಯುಧಪೂಜೆಯ ದಿನ ಈ ಊರಿನಲ್ಲಿ ಕುಂಕುಮ ಕಾಣದೆ ಉಳಿಯುವ ಯಂತ್ರವಿಲ್ಲ. ಅರಮನೆಯ ಕತ್ತಿಗೆ ಹೇಗೋ ನಮ್ಮ ಬೀದಿಯ ಇಸ್ತ್ರಿಪೆಟ್ಟಿಗೆಗೂ ಹಾಗೆಯೇ. ಅಕ್ಕನ ಡಿಟಿಪಿ ಅಂಗಡಿಯಲ್ಲಿ ಮಾನಿಟರಿಗೆ ಸೇವಂತಿಗೆ ಹಾರ, ಪ್ರಿಂಟರಿಗೆ ವಿಭೂತಿಪಟ್ಟೆ. ಕಾರಿಗಾದರೆ ಚಕ್ರದಡಿ ನಿಂಬೆಹಣ್ಣು ಇಡಬಹುದು. ಕಂಪ್ಯೂಟರಿಗೆ ಚಕ್ರವೇ ಇಲ್ಲವಲ್ಲ ಎಂದು ಒಂದು ವರ್ಷ ಅಕ್ಕ ಅದನ್ನು ಮೌಸಿನ ಕೆಳಗಿಟ್ಟು ಅದುಮಲು ನೋಡಿದ್ದೂ ಉಂಟು. ಕೀಬೋರ್ಡಿನ ಎಲ್ಲ ಕೀಲಿಗೂ ಗಂಧ ಹಚ್ಚುತ್ತ ಕೂತರೆ ಹೊತ್ತು ಮುಳುಗುತ್ತದೆ. ಆದ್ದರಿಂದ ಒಂದೇ ಕೀಲಿಗೆ ಪೂಜೆ, ಅದು ಎಫ್‌ಗೆ.

ಎಫ್ ಯಾಕೆ ಎಂದರೆ, ಕನ್ನಡದಲ್ಲಿ ಒಂದಕ್ಷರದ ಕೆಳಗೆ ಇನ್ನೊಂದು ಒತ್ತಾಗಿ ಕೂರಬೇಕಾದರೆ ನಡುವೆ ಒತ್ತಬೇಕಾದ್ದು ಅದನ್ನೇ. ಅಂದಿಗೂ ಹಾಗೇ ಇತ್ತು, ಇಂದಿಗೂ ಹಾಗೇ ಇದೆ. ಲಗ್ನಪತ್ರಿಕೆಯಲ್ಲಂತೂ ‘ಶ್ರೀ’ ಎಂದು ಶುರುಮಾಡುವಾಗಲೇ ಅದರ ದುಡಿಮೆ ಆರಂಭ. ಎಲ್ಲರಿಗಿಂತ ಜಾಸ್ತಿ ದುಡಿಯುವವನಿಗೆ ಮೊದಲ ಕುಂಕುಮ ಎಂಬುದು ಅಕ್ಕನ ನ್ಯಾಯ. ಆದರೆ ಆ ಗಂಧ ಒಳಗಿಳಿದು ಒಣಗಿ, ಹಬ್ಬ ಮುಗಿದು ಕಾರ್ತಿಕದ ಮದುವೆಗಳು ಶುರುವಾಗುವ ಹೊತ್ತಿಗೆ ಸರಿಯಾಗಿ ಎಫ್ ಕಚ್ಚಿಕೊಂಡುಬಿಡುತ್ತಿತ್ತು. ಭಕ್ತಿಯೇ ಅದಕ್ಕೆ ರೋಗ. ಆಗ ನಾನು ಕಾರ್ಖಾನೆಯಿಂದ ಬಂದವಳೇ ಅದನ್ನು ಬಿಚ್ಚಿ ಒರೆಸಿಕೊಡುತ್ತಿದ್ದೆ. ಒಂದು ವರ್ಷ ಅದಕ್ಕೂ ಬಗ್ಗದಾಗ ಸೋಲ್ಡರಿಂಗ್ ಐರನ್ ಕಾಯಿಸಿ, ಯಾರೂ ಮುಟ್ಟದ ಸ್ಕ್ರೋಲ್ ಲಾಕ್ ಎಂಬ ಸೋಮಾರಿ ಕೀಲಿಯ ಕೆಳಗಿನ ಸ್ವಿಚ್ಚನ್ನು ಕಿತ್ತು ಎಫ್‌ನ ಕೆಳಗೆ ಕೂರಿಸಿಕೊಟ್ಟೆ. ಮುಂದಿನ ವರ್ಷ ಗಂಧ ಬೇಡವೆಂದು ಹೇಳಿ ನೋಡಿದೆ. ಅಕ್ಕ ನನ್ನನ್ನು ನಾಸ್ತಿಕಳೆಂದು ಬೈದು, ಇನ್ನಷ್ಟು ತೇಯ್ದಳು.

ಅವಳ ಅಂಗಡಿ ಇದ್ದದ್ದು ವಿದ್ಯಾರಣ್ಯಪುರದ ಮುಖ್ಯರಸ್ತೆಯಲ್ಲಿ, ಹಿಟ್ಟಿನ ಮಿಲ್ಲಿನ ಪಕ್ಕ. ಮಿಲ್ಲಿನ ಸದ್ದಿನ ನಡುವೆಯೂ ಕೀಬೋರ್ಡಿನ ಕಟಕಟ ಬೀದಿಗೆ ಕೇಳಿಸುತ್ತಿತ್ತು. ಈಗಿನ ಕೀಬೋರ್ಡುಗಳಂತೆ ಅದು ಮೆತ್ತಗೆ ಹೂಂಗುಟ್ಟುವ ಪೈಕಿಯದಲ್ಲ. ಪ್ರತಿ ಕೀಲಿಗೂ ತನ್ನದೇ ಸ್ವಿಚ್ಚು, ತನ್ನದೇ ಸ್ಪ್ರಿಂಗು, ತನ್ನದೇ ಅಭಿಪ್ರಾಯ. ತೂಕವೋ, ಕಳ್ಳ ಬಂದರೆ ಬೇರೆ ದೊಣ್ಣೆ ಹುಡುಕಬೇಕಾಗಿರಲಿಲ್ಲ. ಅಕ್ಕ ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ, ಊರಿನವರ ಮದುವೆಯೇ ಮುಗಿಯುತ್ತಿಲ್ಲ, ನನ್ನದಕ್ಕೆ ಪುರುಸೊತ್ತೆಲ್ಲಿ ಎನ್ನುತ್ತಿದ್ದಳು. ಟೈಪ್ ಮಾಡುವಾಗ ಅವಳು ಕೀಲಿಯನ್ನೂ ನೋಡುತ್ತಿರಲಿಲ್ಲ, ಪರದೆಯನ್ನೂ ನೋಡುತ್ತಿರಲಿಲ್ಲ. ಎದುರಿಗೆ ಕೂತ ಗಿರಾಕಿಯ ಮುಖ ನೋಡುತ್ತಿದ್ದಳು. ಯಾರ ಹೆಸರು ಹೇಳುವಾಗ ಗಿರಾಕಿಯ ಹುಬ್ಬು ಗಂಟಿಕ್ಕುತ್ತದೆ ಎಂಬುದು ಅವಳಿಗೆ ಮುಖ್ಯ.

ಲಗ್ನಪತ್ರಿಕೆ ಎಂದರೆ ಮದುವೆಯ ಅರ್ಧ ಜಗಳ, ಅದು ನಿಮಗೂ ಗೊತ್ತಿರುತ್ತದೆ. ದೊಡ್ಡಪ್ಪನ ಹೆಸರು ಚಿಕ್ಕಪ್ಪನದಕ್ಕಿಂತ ಕೂದಲೆಳೆಯಷ್ಟು ಕೆಳಗೆ ಬಂದರೂ ಮಂಟಪದಲ್ಲಿ ಊಟ ಬಿಟ್ಟು ಕೂರುವವರಿದ್ದಾರೆ. ಸೋದರಮಾವನನ್ನು ಮರೆತರಂತೂ ದೇವರೇ ಗತಿ. ಇಬ್ಬರು ಷಡ್ಡಕರು ತಾನು ಮೇಲು ತಾನು ಮೇಲು ಎಂದಾಗ ಅಕ್ಕ ಇಬ್ಬರನ್ನೂ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕೂರಿಸಿ, ನಡುವೆ ಒಂದು ಹೂವಿನ ಚಿತ್ರ ಇಟ್ಟು ಕಳಿಸುತ್ತಿದ್ದಳು. ಎಲ್ಲದಕ್ಕೂ ಅವಳಲ್ಲಿ ಒಂದು ಕ್ರಮವಿತ್ತು. ಪತ್ರಿಕೆಯ ಮೇಲ್ಭಾಗದಲ್ಲಿ ಕರೆಯುವವರು ಜೋಡಿಯಾಗಿರಬೇಕು, ಗಂಡ ಮತ್ತು ಹೆಂಡತಿ. ಜೋಡಿ ಕಳೆದುಕೊಂಡ ತಾಯಿ ಮಗನ ಮದುವೆಯ ಪತ್ರಿಕೆಗೆಂದು ಬಂದರೆ ಮೈದುನ ದಂಪತಿಗಳ ಹೆಸರು ಮೇಲೆ, ತಾಯಿಯ ಹೆಸರು ಕೆಳಗೆ ‘ಸುಖಾಗಮನ ಬಯಸುವವರು’ ಎಂಬ ಗುಂಪಿನಲ್ಲಿ. ಇದು ಯಾರೋ ಬರೆದಿಟ್ಟ ಕಾಯಿದೆಯೇನಲ್ಲ. ಎಲ್ಲರೂ ಹಾಗೆ ಮಾಡುತ್ತಿದ್ದರು, ಅಕ್ಕನೂ ಮಾಡುತ್ತಿದ್ದಳು, ನಾನೂ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ.

ನನ್ನ ಮಗಳು ಮೇಘನಾ ಹುಟ್ಟಿದಾಗ ನಾಮಕರಣದ ಕಾರ್ಡನ್ನು ಅಕ್ಕನೇ ಮಾಡಿದಳು. ತೊಟ್ಟಿಲ ಬಳಿ ಬಂದವಳು ಕೂಸಿನ ಮುಷ್ಟಿ ಹಿಡಿದು, ಇವಳ ಲಗ್ನಪತ್ರಿಕೆ ಕಂಪೋಸ್ ಮಾಡುವವಳೂ ನಾನೇ, ಬೇರೆ ಯಾರಾದರೂ ಕೈಹಚ್ಚಿದರೆ ನೋಡಿ ಎಂದು ಎಲ್ಲರ ಮುಂದೆ ಸಾರಿದಳು. ಕೂಸು ಅತ್ತಿತು. ನನ್ನ ಯಜಮಾನರು, ಮಗಳಿಗೆ ಈಗಲೇ ಗಂಡು ನೋಡುವ ಅವಸರವಿಲ್ಲ ಅತ್ತಿಗೆ ಎಂದು ನಕ್ಕರು. ಆ ನಗೆ ಈಗಲೂ ಕಿವಿಯಲ್ಲಿದೆ. ಅವರು ತೀರಿಕೊಂಡು ಬಹಳ ವರ್ಷವಾಯಿತು.

ಕಾಲ ಸರಿಯಿತು. ಡಿಟಿಪಿ ಅಂಗಡಿಗಳಿಗೆ ಗಿರಾಕಿ ಇಳಿದರು. ಅಕ್ಕನಿಗೆ ಸಕ್ಕರೆ ಏರಿತು. ಮೊದಮೊದಲು ಅಕ್ಷರ ಮಸುಕಾದವು, ಆಮೇಲೆ ಮುಖಗಳು. ಈಗ ಅವಳಿಗೆ ಕಿಟಕಿಯ ಬೆಳಕು ತಿಳಿಯುತ್ತದೆ, ಯಾರೋ ಎದುರಿಗೆ ಬಂದರೆಂದು ತಿಳಿಯುತ್ತದೆ, ಅಷ್ಟೇ. ಅಂಗಡಿ ಮುಚ್ಚಿದಾಗ ಕಂಪ್ಯೂಟರು, ಪ್ರಿಂಟರು ಎಲ್ಲ ಗುಜರಿಗೆ ಹೋದವು. ಕೀಬೋರ್ಡನ್ನು ಮಾತ್ರ ಹಳೆಯ ಪಂಚೆಯಲ್ಲಿ ಸುತ್ತಿ ನಮ್ಮ ಅಟ್ಟಕ್ಕೆ ಹಾಕಿಸಿ, ತಾನೂ ನನ್ನ ಮನೆಗೇ ಬಂದಳು. ನಮ್ಮಿಬ್ಬರ ಸಂಸಾರ ಚೆನ್ನಾಗಿಯೇ ನಡೆದಿದೆ. ಅವಳು ರೇಡಿಯೋ ಕೇಳುತ್ತ ಊರಿನ ಸುದ್ದಿಗೆಲ್ಲ ತೀರ್ಪು ಕೊಡುತ್ತಾಳೆ, ನಾನು ಸಾರಿಗೆ ಉಪ್ಪು ಹೆಚ್ಚು ಹಾಕಿ ಬೈಸಿಕೊಳ್ಳುತ್ತೇನೆ.

ಈ ವರ್ಷ ಮೇಘನಾಳ ಮದುವೆ ಗೊತ್ತಾಯಿತು. ಹುಡುಗ ಅವಳಂತೆಯೇ ಕಾಲೇಜಿನಲ್ಲಿ ಪಾಠ ಹೇಳುವವನು, ಒಳ್ಳೆಯವನು. ಸಂಭ್ರಮದಲ್ಲಿ ಎಲ್ಲರೂ ಮಾತಾಡಿಕೊಂಡದ್ದು ಛತ್ರ, ಸೀರೆ, ಅಡಿಗೆಯವರ ವಿಷಯ. ಪತ್ರಿಕೆಯ ಮಾತು ಬಂದಾಗ ನಾನು ಮತ್ತೆ ಸೀರೆಗೇ ಮಾತು ತಿರುಗಿಸಿದೆ. ಅಕ್ಕನೇ ಅದನ್ನು ಎತ್ತಿದಳು.

“ಬುಡು, ಯಾವ್ದಾದ್ರೂ ಅಂಗ್ಡೀಲಿ ಮಾಡಿಸ್ಕೊಳ್ಳಿ. ಈಗೆಲ್ಲ ಫೋನಲ್ಲೇ ಮಾಡ್ಕೊಡ್ತಾರಂತೆ.”

ಹೇಳಿ ರೇಡಿಯೋದ ಕಿವಿ ತಿರುಗಿಸಿದಳು. ರೇಡಿಯೋ ಆಗಲೇ ಜೋರಾಗಿತ್ತು, ಅವಳು ಇನ್ನೂ ಜೋರು ಮಾಡಿದಳು. ಅಕ್ಕನ ಆಸೆ ಹಾಗೇ ಇತ್ತು, ಕಣ್ಣು ಮಾತ್ರ ಕೈಕೊಟ್ಟಿತ್ತು. ಆ ಪತ್ರಿಕೆಯನ್ನು ಅವಳ ಕೈಯಲ್ಲೇ ಮಾಡಿಸಬೇಕು ಎಂದು ಆಗಲೇ ನಿಶ್ಚಯಿಸಿದೆ, ಹೇಗೆಂಬುದು ಗೊತ್ತಿರಲಿಲ್ಲ.

ಮೊದಲು ಮೇಘನಾಳ ಲ್ಯಾಪ್‌ಟಾಪ್ ಮುಂದೆ ಕೂರಿಸಿದೆವು. ಚಪ್ಪಟೆ ಕೀಲಿಗಳ ಮೇಲೆ ಅಕ್ಕನ ಬೆರಳು ಮಂಜುಗಡ್ಡೆಯ ಮೇಲಿಟ್ಟ ಹಾಗೆ ಜಾರಿದವು. ಒತ್ತಿದ್ದೂ ಗೊತ್ತಾಗುವುದಿಲ್ಲ, ಬಿಟ್ಟದ್ದೂ ಗೊತ್ತಾಗುವುದಿಲ್ಲ, ಇದೇನು ಹಪ್ಪಳವೋ ಕೀಬೋರ್ಡೋ ಎಂದು ಸಿಡುಕಿದಳು. ಬಾಯಲ್ಲಿ ಹೇಳಿದರೆ ತಾನೇ ಬರೆದುಕೊಳ್ಳುವ ಫೋನನ್ನು ಕೊಟ್ಟಾಗ ಒಂದು ಸಾಲು ಹೇಳಿ ಕೆಳಗಿಟ್ಟಳು. ಕಂಪೋಸ್ ಮಾಡುವುದಕ್ಕೂ ಪಕ್ಕದಲ್ಲಿ ಕೂತು ದಾರಿ ಹೇಳುವುದಕ್ಕೂ ವ್ಯತ್ಯಾಸವಿದೆ ಎಂಬುದು ಅವಳ ವಾದ. ಆಗ ನನಗೆ ಅಟ್ಟದ ನೆನಪಾಯಿತು. ಈಗ ನಾನು ಮೂಗು ತೂರಿಸಿ ಗಂಧದ ವಾಸನೆ ಎಳೆದುಕೊಳ್ಳುತ್ತಿದ್ದ ಊಟದ ಮೇಜಿಗೆ ನೀವು ಮತ್ತೆ ಬಂದಿರಿ.

ಆ ಕೀಬೋರ್ಡಿನ ಬಾಲದಲ್ಲಿ ಹೆಬ್ಬೆರಳು ಗಾತ್ರದ ದುಂಡನೆಯ ಪ್ಲಗ್ಗು. ಇಂದಿನ ಯಾವ ಕಂಪ್ಯೂಟರಿನಲ್ಲೂ ಅದಕ್ಕೆ ತೂತಿಲ್ಲ. ಅಂಗಡಿಯಿಂದ ತಂದ ಸಣ್ಣ ಅಡಾಪ್ಟರು ಸಿಕ್ಕಿಸಿದರೆ ದೀಪವೇನೋ ಹತ್ತಿತು, ಅಕ್ಷರ ಬರಲಿಲ್ಲ. ದೋಷ ಯಾರದೂ ಅಲ್ಲ. ಕೀಬೋರ್ಡು ಅದರ ಕಾಲದ ಸಂಕೇತದಲ್ಲಿ ಹೇಳುತ್ತಿದೆ, ಯುಎಸ್‌ಬಿಗೆ ಅದು ತಿಳಿಯುತ್ತಿಲ್ಲ. ಇದನ್ನು ಕೇಳಿಸಿಕೊಂಡು ಅದಕ್ಕೆ ತಿಳಿಸುವ ಒಬ್ಬ ಮಧ್ಯಸ್ಥ ಬೇಕು. ಮದುವೆ ಮಾತುಕತೆಯ ಮನೆಯಲ್ಲಿ ಮಧ್ಯಸ್ಥರ ಬೆಲೆ ತಿಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಆ ಕೆಲಸಕ್ಕೆ ಕಂಟ್ರೋಲರ್ ಬೋರ್ಡು ಎಂದು ಸಿಗುತ್ತದೆ, ಬಿಸ್ಕತ್ತಿಗಿಂತ ಚಿಕ್ಕದು. ತರಿಸಿದೆ. ಕೀಬೋರ್ಡಿನಿಂದ ಬರುವ ನಾಲ್ಕು ತಂತಿಯನ್ನು ಅದಕ್ಕೆ ಬೆಸೆದರೆ ಮುಗಿಯಿತು. ಎರಡು ಕರೆಂಟಿಗೆ, ಎರಡು ಮಾತಿಗೆ.

ನನ್ನ ಜಂಬ ಕೇಳಬೇಕೇ? ಇಷ್ಟು ವರ್ಷ ಇದನ್ನೇ ಮಾಡಿದವಳು, ಕೆಂಪು ತಂತಿ ಪ್ಲಸ್, ಕಪ್ಪು ಮೈನಸ್ ಎಂದು ಕಣ್ಣುಮುಚ್ಚಿ ಬೆಸೆದೆ. ಮೇಘನಾ ಅಂತರ್ಜಾಲದಿಂದ ಅದಕ್ಕೆ ಬೇಕಾದ ಪ್ರೋಗ್ರಾಮನ್ನು ಬೋರ್ಡಿಗೆ ತುಂಬಿದಳು. ಸಿಕ್ಕಿಸಿದೆವು. ಕೀಬೋರ್ಡು ತಪಸ್ಸಿಗೆ ಕೂತಂತಿತ್ತು. ಪಕ್ಕದ ಕುರ್ಚಿಯಲ್ಲಿ ಕಿವಿ ನಿಮಿರಿಸಿ ಕೂತಿದ್ದ ಅಕ್ಕ, ಆ ವೈರು ಹಿಂದೊಮ್ಮೆ ಇಲಿ ಕಡಿದು ಬದಲಾಯಿಸಿದ್ದು, ಮಿಲ್ಲಿನವನ ಬಳಿ ಇದ್ದ ಯಾವುದೋ ವೈರು ಹಾಕಿದ್ದು ಎಂದು ನಿಧಾನವಾಗಿ ನೆನಪಿಸಿದಳು. ಅಂದರೆ ಬಣ್ಣಗಳಿಗೆ ಅರ್ಥವೇ ಇರಲಿಲ್ಲ. ಮೀಟರು ತಂದು, ಒಂದೊಂದು ತಂತಿಯೂ ಒಳಗೆ ಎಲ್ಲಿಗೆ ಹೋಗುತ್ತದೆಂದು ಪೀಂ ಎನ್ನಿಸಿ ನೋಡಿದರೆ ಕೆಂಪು ತಂತಿ ಕರೆಂಟಿನದೇ ಅಲ್ಲ. ಪುಣ್ಯಕ್ಕೆ ಏನೂ ಸುಟ್ಟಿರಲಿಲ್ಲ. ಬಿಚ್ಚಿ ಮತ್ತೆ ಬೆಸೆದೆ. ಗಂಧ ತುಂಬಿದ್ದ ಎಫ್ ಸ್ವಿಚ್ಚನ್ನು ಕಿತ್ತೆ. ಸೋಮಾರಿ ಸ್ಕ್ರೋಲ್ ಲಾಕ್ ಆಗಲೇ ಬಲಿಯಾಗಿದ್ದರಿಂದ ಈ ಸಲ ಅದರ ಪಕ್ಕದ ಸೋಮಾರಿಯ ಸರದಿ. ಉಳಿದ ಕುಂಕುಮವನ್ನೆಲ್ಲ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆದಕಿ ತೆಗೆದೆ. ತುಳಸಿಗಿಡದ ಬುಡಕ್ಕೆ ಹಾಕು, ಕಸಕ್ಕೆ ಸುರಿಯಬೇಡ ಎಂದು ಕುರ್ಚಿಯಿಂದ ಆಜ್ಞೆ ಬಂತು.

ಎರಡನೆಯ ಸಲ ಸಿಕ್ಕಿಸಿ, ಅಕ್ಕನ ಕೈಯನ್ನು ಹಿಡಿದು ಕೀಲಿಗಳ ಮೇಲಿಟ್ಟೆ. ಅವಳು ತಕ್ಷಣ ಒತ್ತಲಿಲ್ಲ. ಅಂಚು ಸವರಿದಳು, ಉದ್ದನೆಯ ಸ್ಪೇಸ್ ಪಟ್ಟಿಯನ್ನು ಸವರಿದಳು, ಎಡಗೈಯ ಬೆರಳು ಎಫ್ ಮೇಲೆ ನಿಂತಿತು. ಆಮೇಲೆ ಕಟಕಟ ಶುರುವಾಯಿತು. ಪರದೆಯ ಮೇಲೆ ‘ಶ್ರೀ’ ಮೂಡಿತು. ಮೇಘನಾ ಚಪ್ಪಾಳೆ ತಟ್ಟಿದಳು. ನಾನು ಅಡಿಗೆಮನೆಗೆ ಹೋಗಿ ಸ್ವಲ್ಪ ಅತ್ತು, ಎಲ್ಲರಿಗೂ ಕಾಫಿ ಮಾಡಿಕೊಂಡು ಬಂದೆ. ಸಂತೋಷಕ್ಕೂ ಅಳು ಬರುತ್ತದೆಂದು ಗೊತ್ತಿದ್ದರೂ ಅಕ್ಕನ ಎದುರು ಅಳುವ ಧೈರ್ಯ ನನಗಿಲ್ಲ, ಸದ್ದಿನಲ್ಲೇ ಕಂಡುಹಿಡಿಯುತ್ತಾಳೆ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಹಣೆಗಿಟ್ಟುಕೊಂಡು, ಅಂಗಡಿಗೆ ಹೊರಟವಳಂತೆ ಬಂದು ಕೂತಳು. ವಿಷಯ ಹೇಳು ಎಂದಳು. ನಾನು ಎದುರಿನ ಕುರ್ಚಿಯಲ್ಲಿ ಗಿರಾಕಿಯಾಗಿ ಕೂತು ಹೇಳತೊಡಗಿದೆ. ಮೇಲ್ಗಡೆ ಕರೆಯುವವರಾಗಿ ಭಾವನವರು ಮತ್ತು ಅವರ ಹೆಂಡತಿ. ಭಾವನವರೆಂದರೆ ನನ್ನ ಯಜಮಾನರ ಅಣ್ಣ, ಯಾದವಗಿರಿಯಲ್ಲಿದ್ದಾರೆ, ಕಷ್ಟಕಾಲದಲ್ಲಿ ನಮ್ಮ ಕೈಬಿಡದ ದೊಡ್ಡ ಮನುಷ್ಯರು. ಧಾರೆ ಎರೆಯುವವರೂ ಅವರೇ. ನನ್ನ ಹೆಸರು ಕೆಳಗೆ ಸುಖಾಗಮನದವರ ಜೊತೆ ಇರಲಿ ಎಂದೆ. ಅಕ್ಕ ಹೂಂ ಎಂದಳು. ಹೇಳುವುದೆಲ್ಲ ಮುಗಿದ ಮೇಲೆ, ಹಿಂದೆ ನಿಂತು ಇಣುಕಬೇಡಿ, ಹೊರಗೆ ಹೋಗಿ ಎಂದಳು. ನಾವಿಬ್ಬರೂ ಜಗುಲಿಯಲ್ಲಿ ಕೂತು ಆ ಸದ್ದು ಕೇಳಿದೆವು. ಎದುರು ಮನೆಯವರು, ಏನ್ರೀ ನಿಮ್ಮನೇಲಿ ಟೈಪಿಂಗ್ ಕ್ಲಾಸ್ ಶುರುವಾಯ್ತಾ ಎಂದು ಕೇಳಿಕೊಂಡು ಹೋದರು.

ಒಳಗಿನಿಂದ ಕರೆ ಬಂತು. ಗಟ್ಟಿಯಾಗಿ ಓದು, ಎಲ್ಲಾದರೂ ತಪ್ಪಿದ್ದರೆ ಹೇಳು ಎಂದಳು. ನಾನು ಕನ್ನಡಕ ಏರಿಸಿ ಓದಿದೆ. ದೇವರ ಹೆಸರು ಸರಿಯಾಗಿತ್ತು. ಅದರ ಕೆಳಗೆ ಶ್ರೀಮತಿ ಎಂದಿತ್ತು, ಮುಂದೆ ನನ್ನ ಹೆಸರು. ಒಂದೇ ಹೆಸರು. ‘ಮಾಡುವ ವಿಜ್ಞಾಪನೆಗಳು. ಅದಾಗಿ, ನನ್ನ ಮಗಳಾದ...’ ಅಲ್ಲಿಗೆ ನಿಲ್ಲಿಸಿ ಮೇಲಿನ ಸಾಲನ್ನು ಮತ್ತೊಮ್ಮೆ ನೋಡಿದೆ.

“ತಪ್ಪಾಗಿದೆ ಅಕ್ಕ,” ಎಂದೆ.

“ಯಾವಕ್ಷರ?”

“ಅಕ್ಷರ ಅಲ್ಲ. ಮೇಲ್ಗಡೆ ನನ್ನ ಹೆಸರು ಬಂದ್ಬುಟ್ಟಿದೆ.”

“ಮಗಳು ನಿಂದೋ, ಭಾವನವ್ರದೋ?”

ಅಕ್ಕ ಕೀಬೋರ್ಡಿನ ಮೇಲಿಂದ ಕೈ ತೆಗೆಯದೆಯೇ ಮೆಲ್ಲಗೆ ಹೇಳಿದಳು.

“ಎಷ್ಟು ಜನ ತಾಯಂದಿರ ಹೆಸ್ರು ಈ ಕೈಯಲ್ಲೇ ಕೆಳಗಿಳ್ಸಿದೀನಿ ಕಣೇ. ಎದುರಿಗೆ ಕೂತಿರೋರು, ಮುಖ ಕಾಣ್ತಿತ್ತು ನಂಗೆ. ಆದ್ರೂ ಇಳ್ಸಿದೆ. ನಿಂದು ಇಳ್ಸಲ್ಲ. ಬೇಡ ಅಂದ್ರೆ ಬೇರೆ ಅಂಗ್ಡಿಗೆ ಹೋಗು.”

ಮೇಘನಾ ನನ್ನ ಹೆಗಲ ಮೇಲೆ ಕೈಯಿಟ್ಟು, ಬೇರೆ ಅಂಗಡಿಗೆ ಹೋಗುವುದಿಲ್ಲ ಎಂದು ನನ್ನ ಪರವಾಗಿ ತಾನೇ ಹೇಳಿಬಿಟ್ಟಳು.

ಹೇಳುವುದು ಸುಲಭ, ಯಾದವಗಿರಿಗೆ ಹೋಗಿ ತೋರಿಸಬೇಕಾದವಳು ನಾನು. ಪ್ರೂಫು ಹಿಡಿದು ಹೋದೆ. ದಾರಿಯುದ್ದಕ್ಕೂ ಆಟೋದವನು ಏನೇನೋ ಮಾತಾಡುತ್ತಿದ್ದ, ಒಂದೂ ತಲೆಗೆ ಹೋಗಲಿಲ್ಲ. ಭಾವನವರು ಕನ್ನಡಕ ಒರೆಸಿ ಮೇಲಿನಿಂದ ಓದಿದರು. ಸುಖಾಗಮನ ಬಯಸುವವರ ತಲೆಯಲ್ಲೇ ಅವರ ಮತ್ತು ಅವರ ಹೆಂಡತಿಯ ಹೆಸರು, ಬೇರೆ ಯಾರೂ ಜೊತೆಗಿಲ್ಲದೆ ಒಂದು ಇಡೀ ಸಾಲನ್ನು ಆಳಿಕೊಂಡು ಕೂತಿತ್ತು. ಅಲ್ಲಿ ಅವರ ಬೆರಳು ನಿಂತಿತು. ಅವರು ಜೇಬಿನಿಂದ ಪೆನ್ನು ತೆಗೆದರು.

“ನೋಡಮ್ಮ, ನನ್ನ ಇನಿಷಿಯಲ್ಲು ಒಂದು ಬಿಟ್ಟೋಗಿದೆ. ಇಷ್ಟು ಸರಿ ಮಾಡ್ಸಿ ಪ್ರಿಂಟಿಗೆ ಕೊಡು.”

ಬರೆದು, ಪೆನ್ನಿನ ಮುಚ್ಚಳ ಹಾಕಿ, ಕಾಗದವನ್ನು ನನ್ನ ಕೈಗೆ ಕೊಟ್ಟರು. ನಾನು ಅವರ ಕಾಲಿಗೆ ನಮಸ್ಕಾರ ಮಾಡಿ ಬಂದೆ.

ಮನೆಗೆ ಬಂದು ಅಕ್ಕನಿಗೆ ಹೇಳಿದರೆ ಬಿದ್ದುಬಿದ್ದು ನಕ್ಕಳು. ಅದು ಬೇಕೆಂದೇ ಬಿಟ್ಟದ್ದಂತೆ. ಪ್ರೂಫಿನಲ್ಲಿ ಗಿರಾಕಿಗೆ ತಿದ್ದಲು ಸಣ್ಣದೊಂದು ಇಟ್ಟಿರಬೇಕು, ಅದನ್ನು ಹಿಡಿದ ಸಮಾಧಾನದಲ್ಲಿ ಅವರು ಉಳಿದದ್ದನ್ನು ಮುಟ್ಟುವುದಿಲ್ಲ. ಅಂಗಡಿಯ ಕಾಲದಿಂದಲೂ ಅದೇ ಪದ್ಧತಿಯಂತೆ. ಇಷ್ಟು ವರ್ಷ ಜೊತೆಗಿದ್ದೂ ನನಗೆ ಈ ವಿದ್ಯೆ ಹೇಳಿಕೊಟ್ಟಿರಲಿಲ್ಲ. ಭಾವನವರು ನಿಜಕ್ಕೂ ಅದಕ್ಕೆ ಬಿದ್ದರೋ, ಅಥವಾ ಎಲ್ಲ ಅರ್ಥವಾಗಿಯೇ ಪೆನ್ನು ತೆಗೆದರೋ, ಅದನ್ನು ನಾನು ಕೇಳಲಾರೆ. ಎರಡನೆಯದೇ ಇರಬೇಕು ಎಂದು ನನಗನಿಸುತ್ತದೆ.

ಪತ್ರಿಕೆ ಅಚ್ಚಾಗಿ ಬಂದಿದೆ. ಮೊದಲನೆಯದನ್ನು ದೇವರ ಮುಂದಿಟ್ಟಾಯಿತು, ಎರಡನೆಯದನ್ನು ಅಕ್ಕನ ಕೈಗೆ. ಅವಳು ಕಾಗದದ ದಪ್ಪ ನೋಡಿ, ಅಚ್ಚನ್ನು ಬೆರಳಲ್ಲಿ ಸವರಿ, ಪರವಾಗಿಲ್ಲ ಎಂದಳು. ಇದನ್ನೆಲ್ಲ ನಿಮಗೆ ಬರೆಯುತ್ತಿರುವುದೂ ಅದೇ ಕೀಬೋರ್ಡಿನಲ್ಲೇ. ನನ್ನ ನಿಧಾನ ಕೇಳಲಾರದೆ ಅಕ್ಕ ಪಕ್ಕದ ಕೋಣೆಯಿಂದ ಗೊಣಗುತ್ತಿದ್ದಾಳೆ.

ನಾಳೆಯಿಂದ ಮನೆಮನೆಗೆ ಹೋಗಿ ಕರೆಯಬೇಕು. ಇಷ್ಟು ದಿನ ಇಂಥ ಕಡೆಗೆಲ್ಲ ನಾನು ಯಾರದೋ ಹಿಂದೆ ನಿಂತು, ತಟ್ಟೆ ಹಿಡಿದುಕೊಂಡು ನಗುತ್ತಿದ್ದವಳು. ಬಾಯಿಬಿಟ್ಟು ಕರೆದು ಅಭ್ಯಾಸವಿಲ್ಲ. ಬೆಳಿಗ್ಗೆಯಿಂದ ಒಬ್ಬಳೇ ಹೇಳಿ ನೋಡುತ್ತಿದ್ದೇನೆ. ಮೊದಲೆರಡು ಸಲ ಧ್ವನಿ ಸಣ್ಣಗಾಯಿತು, ಈಗ ಸರಿಹೋಗುತ್ತಿದೆ. ಇಷ್ಟು ಹೊತ್ತು ಜೊತೆಗೆ ಕೂತು ಕೇಳಿದ್ದೀರಿ, ಮೊದಲು ನಿಮ್ಮನ್ನೇ ಕರೆಯುತ್ತೇನೆ. ನನ್ನ ಮಗಳ ಮದುವೆ. ಮನೆಯವರೆಲ್ಲ ಬನ್ನಿ.